ಲೆಕ್ಕ ಕೇಳಿದವರ ಮೇಲೇ ಜನ ಯಾಕೆ ತಿರುಗಿ ಬೀಳುತ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಟ್ಯಾಂಕರ್ ನೀರಿನ ಖರ್ಚಿನ ಮಾತು ಎತ್ತಿದಿರಿ. ಯಾರನ್ನೂ ಬೈಯಲಿಲ್ಲ, ಲೆಕ್ಕ ತೋರಿಸಿ ಅಂತ ಕೇಳಿದಿರಿ, ಅಷ್ಟೇ. ಈಗ ಕಮಿಟಿಯವರ ಜೊತೆಗೆ ಅಕ್ಕಪಕ್ಕದ ಮನೆಯವರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಾರೆ. ಅವರ ದುಡ್ಡಿನ ಲೆಕ್ಕವನ್ನೂ ಸೇರಿಸಿಯೇ ಕೇಳಿದ್ದು, ಅವರಿಗ್ಯಾಕೆ ಸಿಟ್ಟು ಅನ್ನೋದು ನಿಮ್ಮ ಪ್ರಶ್ನೆ.

ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಸಂಘದಲ್ಲಿ ಕೆಲವು ವರ್ಷ ಖಜಾಂಚಿಯಾಗಿದ್ದೆ. ನಿಮ್ಮದರಂಥ ಪ್ರಶ್ನೆಯನ್ನು ಮೇಜಿನ ಈಚೆ ಕಡೆ ಕೂತು ಕೇಳಿಸಿಕೊಂಡವನು. ನನಗೆ ಅರ್ಥವಾಗಿರೋದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕೇಳಿದ ಪ್ರಶ್ನೆ ಅಲ್ಲಿ ಕೂತಿದ್ದ ಅರ್ಧ ಜನರ ಮನಸ್ಸಿನಲ್ಲಿ ಮೊದಲಿಂದಲೂ ಇತ್ತು. ಅವರು ಕೇಳಿರಲಿಲ್ಲ. ನೀವು ಬಾಯಿ ಬಿಟ್ಟ ತಕ್ಷಣ, ತಾವು ಇಷ್ಟು ದಿನ ಸುಮ್ಮನಿದ್ದದ್ದು ಅವರಿಗೇ ಎದ್ದು ಕಂಡಿತು. ಸಿಟ್ಟು ಹುಟ್ಟೋದು ಅಲ್ಲಿ.

ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ. 2024ರ ಬೇಸಿಗೆ ನೆನಪಿರಬೇಕು. ಹಿಂದಿನ ವರ್ಷ ಮಳೆ ಕೈಕೊಟ್ಟು ನಗರದಲ್ಲಿ ಎಷ್ಟೋ ಬೋರ್‌ವೆಲ್‌ಗಳು ಬತ್ತಿಹೋಗಿದ್ದವು. ಟ್ಯಾಂಕರ್ ದರ ಬಾಯಿಗೆ ಬಂದಂತೆ ಏರಿತು. ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಅಂತ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದೂ ಆಗಲೇ. ನಮ್ಮ ಮೇಂಟೆನೆನ್ಸ್ ದುಡ್ಡಿನಲ್ಲಿ ದೊಡ್ಡ ಪಾಲು ನೀರಿಗೇ ಹೋಗುತ್ತಿತ್ತು.

ಆಗಿನ ಒಂದು ಸಭೆಯಲ್ಲಿ ಮೂರನೇ ಮಹಡಿಯ ಒಬ್ಬ ಮಹಿಳೆ ಎದ್ದು ನಿಂತರು. ಕೈಯಲ್ಲಿ ಗೇಟಿನ ರಿಜಿಸ್ಟರಿನ ಫೋಟೋ ಇತ್ತು. "ಇದರಲ್ಲಿ ಟ್ಯಾಂಕರ್ ನಂಬರ್ ಇದೆ, ಬಂದ ಟೈಮ್ ಇದೆ, ಡ್ರೈವರ್ ಸಹಿ ಇದೆ. ಒಳಗೆ ನೀರೆಷ್ಟಿತ್ತು ಅಂತ ಬರೆಯೋ ಕಾಲಂ ಎಲ್ಲಿದೆ?" ಅಂತ ಕೇಳಿದರು.

ಅಷ್ಟೇ ಪ್ರಶ್ನೆ. ತುಂಬಾ ಒಳ್ಳೇ ಪ್ರಶ್ನೆ. 12,000 ಲೀಟರ್ ಅಂತ ಬಿಲ್ ಆಗೋ ಟ್ಯಾಂಕರ್ ಮುಕ್ಕಾಲು ಮಾತ್ರ ತುಂಬಿಕೊಂಡು ಬಂದರೆ ನಮ್ಮ ರಿಜಿಸ್ಟರಿನಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಬಂದ ಗಾಡಿಯ ಮೇಲೆ ಹತ್ತಿ ಮುಚ್ಚಳ ತೆಗೆದು ನೋಡು ಅಂತ ಸೆಕ್ಯುರಿಟಿಯವರಿಗೆ ಯಾರೂ ಹೇಳಿರಲಿಲ್ಲ.

ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷರು, "ನಾವು ಒಂದು ಪೈಸೆ ಸಂಬಳ ತಗೊಳ್ದೆ ದುಡೀತಿದ್ದೀವಿ ಮೇಡಂ, ನಮ್ಮ ಮೇಲೇ ಅನುಮಾನನಾ?" ಅಂದರು. ಆ ಮಹಿಳೆ ಅನುಮಾನ ಅನ್ನೋ ಪದ ಬಳಸಿಯೇ ಇರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು, "ಅಷ್ಟು ಕಾಳಜಿ ಇದ್ರೆ ನೀವೇ ಕಮಿಟಿಗೆ ಬನ್ನಿ" ಅಂದರು. ಇನ್ನೊಬ್ಬರು, "ಒಬ್ಬರಿಂದ ಎಲ್ಲರ ಟೈಮ್ ವೇಸ್ಟು" ಅಂದರು. ಕಾಲಂ ವಿಷಯ ಅಲ್ಲಿಗೇ ನಿಂತುಹೋಯಿತು. ಆಮೇಲೆ ನಡೆದದ್ದೆಲ್ಲ ಆ ಮಹಿಳೆಯ ಬಗ್ಗೆ, ಅವರು ಮಾತಾಡಿದ ಧಾಟಿಯ ಬಗ್ಗೆ.

"ನೀವೇ ಬನ್ನಿ" ಅನ್ನೋ ಮಾತನ್ನು ಸ್ವಲ್ಪ ಗಮನಿಸಿ. ಅದನ್ನು ಹೇಳಿದವರು ಕಮಿಟಿಯವರಲ್ಲ. ಕಮಿಟಿಯವರು ಬೇಸತ್ತು ರಾಜೀನಾಮೆ ಕೊಟ್ಟರೆ ಮುಂದಿನ ಸರದಿ ತಮ್ಮ ತಲೆಗೆ ಬರುತ್ತೆ ಅನ್ನೋ ಭಯ ಸಾಮಾನ್ಯ ಸದಸ್ಯರಿಗೆ ಇರುತ್ತೆ. ಮೋಟಾರ್ ಕೆಟ್ಟರೆ ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತೋ ಕೆಲಸ ಯಾರಿಗೆ ಬೇಕು? ಅದಕ್ಕೇ ಅವರು ಕಮಿಟಿಯ ಪರ ಕಮಿಟಿಗಿಂತ ಜೋರಾಗಿ ವಾದ ಮಾಡುತ್ತಾರೆ. ಇದು ಸಣ್ಣ ಕಾರಣ ಅಂತ ತಳ್ಳಿಹಾಕಬೇಡಿ. ನಿಮ್ಮ ಅಕ್ಕಪಕ್ಕದವರ ಮುನಿಸಿನಲ್ಲಿ ಇದರ ಪಾಲೂ ಇದ್ದೇ ಇರುತ್ತೆ.

ನಮ್ಮಲ್ಲಿ ಆಮೇಲೆ ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಹೋಗುವ ಪೈಪಿಗೆ ಮೀಟರ್ ಹಾಕಿಸಿದೆವು. ರಿಜಿಸ್ಟರಿನಲ್ಲಿ ಎರಡು ಕಾಲಂ ಜಾಸ್ತಿ ಬಂದವು: ನೀರು ಬಿಡುವ ಮುಂಚಿನ ರೀಡಿಂಗ್, ಬಿಟ್ಟ ನಂತರದ ರೀಡಿಂಗ್. ಎಲ್ಲರಿಗೂ ಅನುಕೂಲವೇ ಆಯಿತು. ಆದರೆ ಆ ಮಹಿಳೆಯ ಮೇಲಿನ ಮುನಿಸು ಇಳಿಯಲಿಲ್ಲ. ಆ ವರ್ಷ ಗಣೇಶನ ಹಬ್ಬದ ತಯಾರಿಗೆ ಸೇರಿದಾಗ ಅವರ ಮನೆಗೆ ಮಾತ್ರ ಯಾರೂ ಹೇಳಿಕಳಿಸಿರಲಿಲ್ಲ. ಅವರ ಮಾತು ಸರಿ ಅಂತ ಸಾಬೀತಾದ ಮೇಲೂ ಹೀಗಾಯಿತಲ್ಲ, ಅದು ನನ್ನನ್ನು ಬಹಳ ಕಾಡಿತು. ನೋಡುತ್ತಾ ಹೋದಾಗ ಅನಿಸಿದ್ದು, ಸರಿ ಅಂತ ಸಾಬೀತಾಗಿದ್ದೇ ಮುನಿಸನ್ನು ಹೆಚ್ಚಿಸಿತ್ತು. ಅವರು ಹೇಳಿದ್ದು ತಪ್ಪಾಗಿದ್ದರೆ ಜನ ನಕ್ಕು ಮರೆತುಬಿಡುತ್ತಿದ್ದರು.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೆನ್ವಾ ಮೊನಾನ್ ಮತ್ತು ಜೊತೆಗಾರರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಕಳ್ಳತನದ ಕೇಸು, ಮೂವರು ಶಂಕಿತರು. ನೀವೇ ಪತ್ತೇದಾರ ಅಂದುಕೊಂಡು ಕಳ್ಳ ಯಾರು ಅಂತ ಹೇಳಿ ಅಂತ ಭಾಗವಹಿಸಿದವರಿಗೆ ಅಂದರು. ಸಾಕ್ಷ್ಯವೆಲ್ಲ ಆ ಶಂಕಿತರಲ್ಲಿದ್ದ ಒಬ್ಬನೇ ಕಪ್ಪು ಜನಾಂಗದ ವ್ಯಕ್ತಿಯ ಕಡೆ ಬೆರಳು ತೋರಿಸುವಂತೆ ಬೇಕಂತಲೇ ಜೋಡಿಸಿದ್ದರು. ಆಮೇಲೆ, "ಇದು ಸರಿಯಿಲ್ಲ, ನಾನು ಇದನ್ನು ಮಾಡಲ್ಲ" ಅಂದ ಒಬ್ಬನ ಉತ್ತರ ತೋರಿಸಿ, ಈತನ ಬಗ್ಗೆ ನಿಮಗೆ ಏನನ್ನಿಸುತ್ತೆ ಅಂತ ಕೇಳಿದರು. ತಾವು ಆ ಕೆಲಸ ಮಾಡದೆ ಸುಮ್ನೆ ನೋಡುತ್ತಿದ್ದವರಿಗೆ ಆತ ಇಷ್ಟವಾದ. ಆಗಲೇ ಸುಮ್ನೆ ಹೇಳಿದಂತೆ ಮಾಡಿ ಮುಗಿಸಿದ್ದವರಿಗೆ ಮಾತ್ರ ಆತ ಇಷ್ಟವಾಗಲಿಲ್ಲ.

ಇಬ್ಬರೂ ನೋಡಿದ್ದು ಒಂದೇ ಉತ್ತರವನ್ನು. ವ್ಯತ್ಯಾಸ ಇದ್ದದ್ದು ನೋಡುವವರ ಕಡೆ. ಅದಕ್ಕೇ ನಿಮ್ಮ ಕಥೆಯನ್ನು ಬೇರೆ ಬಡಾವಣೆಯ ಗೆಳೆಯರಿಗೆ ಹೇಳಿದರೆ "ಸರಿಯಾಗೇ ಕೇಳಿದ್ದೀರಿ ಬಿಡಿ" ಅನ್ನುತ್ತಾರೆ. ಪಕ್ಕದ ಮನೆಯವರು ಅನ್ನಲ್ಲ. ಅವರೂ ಆ ಬಿಲ್ಲಿಗೆ ವರ್ಷಗಟ್ಟಲೆ ತಲೆಯಾಡಿಸಿದವರು.

ಮಾತು ದೊಡ್ಡದಾದಾಗ ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದಕ್ಕೆ ರೋಜರ್ ಬೋಜೋಲೆ ಅವರ ಬದುಕು ನೋಡಬೇಕು. ಅಮೆರಿಕದ ಯೂಟಾ ರಾಜ್ಯದಲ್ಲಿ ಮಾರ್ಟನ್ ಥಿಯೋಕಾಲ್ ಅನ್ನೋ ಕಂಪನಿಯ ಎಂಜಿನಿಯರ್ ಅವರು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ ತಯಾರಿಸಿದ್ದು ಆ ಕಂಪನಿ. ರಾಕೆಟ್ಟಿನ ಭಾಗಗಳ ಸಂದಿಯಲ್ಲಿ ಕೂರಿಸುವ ರಬ್ಬರ್ ಉಂಗುರ ಕೈಕೊಟ್ಟರೆ ದೊಡ್ಡ ಅನಾಹುತವಾಗುತ್ತೆ ಅಂತ ಅವರು 1985ರ ಜುಲೈನಲ್ಲೇ ಕಂಪನಿಗೆ ಬರೆದು ಕೊಟ್ಟಿದ್ದರು. ಉಡಾವಣೆಯ ಹಿಂದಿನ ರಾತ್ರಿ ಫೋನ್ ಸಭೆಯಲ್ಲಿ ಅವರೂ ಜೊತೆಯ ಎಂಜಿನಿಯರುಗಳೂ, ಚಳಿಯಲ್ಲಿ ಆ ಉಂಗುರ ಬಿರುಸಾಗುತ್ತೆ, ಬಿಸಿ ಅನಿಲ ಸೋರುತ್ತೆ, ಉಡಾವಣೆ ಬೇಡ ಅಂತ ಪಟ್ಟು ಹಿಡಿದರು. ಕಂಪನಿಯ ಮೇಲಿನವರು ಕೇಳಲಿಲ್ಲ. 1986ರ ಜನವರಿ 28ರಂದು, ಹಾರಿದ 73 ಸೆಕೆಂಡಿಗೆ, ಚಾಲೆಂಜರ್ ಚೂರಾಯಿತು. 7 ಜನ ಹೋದರು.

ಅಲ್ಲಿಯವರೆಗೂ ಬೋಜೋಲೆಯ ಮಾತನ್ನು ಕಡೆಗಣಿಸಿದ್ದರೇ ಹೊರತು ಅವರನ್ನು ದೂರ ಇಟ್ಟಿರಲಿಲ್ಲ. ತನಿಖಾ ಆಯೋಗದ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಗದಪತ್ರ ಒಪ್ಪಿಸಿದ ಮೇಲೆ ಎಲ್ಲ ಬದಲಾಯಿತು. ಸಹೋದ್ಯೋಗಿಗಳು ಮಾತು ಬಿಟ್ಟರು. ಕೆಲಸದಲ್ಲಿ ಮೂಲೆಗುಂಪು ಮಾಡಿದರು. ಕೊನೆಗೆ ಕಂಪನಿ ಬಿಟ್ಟು ಹೊರಬಂದರು. ಆಯೋಗದ ಸದಸ್ಯೆಯಾಗಿದ್ದ ಗಗನಯಾತ್ರಿ ಸ್ಯಾಲಿ ರೈಡ್, ಅವರ ಹೇಳಿಕೆ ಮುಗಿದ ಮೇಲೆ ಹತ್ತಿರ ಬಂದು ಅಪ್ಪಿಕೊಂಡಿದ್ದರು. ಹಾಗೆ ಮಾಡಿದ್ದು ಆಕೆ ಒಬ್ಬರೇ ಅಂತ ಬೋಜೋಲೆ ಆಮೇಲೆ ನೆನೆಸಿಕೊಂಡಿದ್ದಾರೆ. 1988ರಲ್ಲಿ ಅಮೆರಿಕದ ವಿಜ್ಞಾನಿಗಳ ದೊಡ್ಡ ಸಂಸ್ಥೆಯೊಂದು ಅವರಿಗೆ ಪ್ರಶಸ್ತಿ ಕೊಟ್ಟಿತು. ದೂರದಲ್ಲಿದ್ದವರು ಗೌರವಿಸಿದರು, ಜೊತೆಗೆ ದುಡಿದವರು ದೂರವಾದರು.

ಅಲ್ಲಿ ಕೆಲಸ ಹೋಗುವ ಭಯವೂ ಇತ್ತು, ನಿಜ. ಕಂಪನಿಗೆ ಏಟು ಬಿದ್ದರೆ ನೂರಾರು ಮನೆಗಳ ಅನ್ನಕ್ಕೆ ಕುತ್ತು. ಆದರೂ ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮೂರನೇ ಮಹಡಿಯವರೇ ನೆನಪಾಗುತ್ತಾರೆ. ಮಾತನ್ನು ಕೇಳಿಸಿಕೊಂಡೂ ಬಿಟ್ಟುಬಿಡಬಹುದು ಅನ್ನುವವರೆಗೆ ಜನಕ್ಕೆ ಸಿಟ್ಟು ಬರಲ್ಲ. ಇನ್ನು ಉತ್ತರ ಕೊಡದೆ ವಿಧಿಯಿಲ್ಲ ಅನ್ನೋ ಹಂತಕ್ಕೆ ಬಂದಾಗಲೇ ಮುಖ ಕೆಂಪಾಗೋದು. ಕಂಡದ್ದು ಕಂಡಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತ ನಮ್ಮ ಹಿರಿಯರು ಅಂದದ್ದು ಸುಮ್ನೆ ಅಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಸಭೆ ಮುಗಿದ ಮೇಲೆ ಲಿಫ್ಟಿನಲ್ಲೋ ಪಾರ್ಕಿಂಗಿನಲ್ಲೋ ಯಾರಾದರೂ ಮೆಲ್ಲಗೆ, "ನೀವು ಕೇಳಿದ್ದು ಸರಿಯಾಗಿತ್ತು ಕಣ್ರೀ" ಅಂದಿರಬೇಕಲ್ವಾ? ಅಂದೇ ಇರುತ್ತಾರೆ. ಸಭೆಯಲ್ಲಿ ಬಾಯಿ ಬಿಡದೆ ಇಲ್ಲಿ ಬಂದು ಹೇಳುತ್ತಾರಲ್ಲ ಅಂತ ನಿಮಗೆ ಬೇಜಾರಾಗಿರಬಹುದು. ಆದರೆ ನಿಮಗೆ ಬೇಕಾದವರು ಅವರೇ. ಸಾಲಮನ್ ಆಶ್ ಅನ್ನೋ ಮನೋವಿಜ್ಞಾನಿ 1950ರ ದಶಕದಲ್ಲಿ ಗೆರೆಗಳ ಉದ್ದ ಹೇಳುವ ಒಂದು ಪ್ರಯೋಗ ಮಾಡಿದ್ದರು. ಸುತ್ತಲಿದ್ದವರೆಲ್ಲ ಬೇಕಂತಲೇ ಒಕ್ಕೊರಲಿನಿಂದ ತಪ್ಪು ಹೇಳಿದಾಗ, ಒಂಟಿಯಾಗಿದ್ದವರು ಮೂರರಲ್ಲಿ ಒಂದು ಸಲದಷ್ಟು ಅದೇ ತಪ್ಪನ್ನು ಹೇಳಿದರು. ಗುಂಪಿನಲ್ಲಿ ಇನ್ನೊಬ್ಬರೇ ಒಬ್ಬರು ಸರಿಯಾದ ಉತ್ತರ ಹೇಳುವಂತೆ ಮಾಡಿದಾಗ ಅದು ನೂರಕ್ಕೆ 5ರಷ್ಟಕ್ಕೆ ಇಳಿಯಿತು.

ನಮ್ಮ ಸಂಘಗಳ ಸಭೆಗಳಲ್ಲಿ ಸೂಚಕರು, ಅನುಮೋದಕರು ಅಂತ ಹೆಸರು ಬರೆಸುವ ಪದ್ಧತಿ ಇದೆಯಲ್ಲ, ಅದರಲ್ಲಿ ಬಹಳ ಬುದ್ಧಿವಂತಿಕೆ ಇದೆ ಅಂತ ನನಗೆ ಅನಿಸುತ್ತೆ. ಎರಡನೇ ಹೆಸರು ಬಿದ್ದ ಕೂಡಲೇ ಅದು ಒಬ್ಬರ ತಕರಾರಾಗಿ ಉಳಿಯಲ್ಲ. ಮುಂದಿನ ಸಭೆಗೆ ಮುಂಚೆ ಆ ಲಿಫ್ಟಿನವರ ಮನೆಗೆ ಹೋಗಿ. ಮಾತಾಡಿ ಅಂತ ಒತ್ತಾಯ ಮಾಡಬೇಡಿ, "ನಾನು ಒಂದು ಸೂಚನೆ ಬರೆದು ಕೊಡ್ತೀನಿ, ಅನುಮೋದಕರು ಅಂತ ನಿಮ್ಮ ಹೆಸರು ಹಾಕ್ಲಾ?" ಅಂತಷ್ಟೇ ಕೇಳಿ. ಇಬ್ಬರಾದರೂ ಸಿಕ್ಕರೆ ನಿಮ್ಮ ಬೆನ್ನಿನ ಮೇಲಿನ ಭಾರ ಎಷ್ಟು ಇಳಿಯುತ್ತೆ ಅನ್ನೋದು ನಿಮಗೇ ಗೊತ್ತಾಗುತ್ತೆ.

ಸೂಚನೆಯಲ್ಲಿ ಇಷ್ಟು ದಿನ ಏನಾಯಿತು ಅಂತ ಕೇಳೋದಕ್ಕಿಂತ ಇನ್ನು ಮುಂದೆ ಏನು ಮಾಡೋಣ ಅಂತ ಬರೆಯಿರಿ. ಪೈಪಿಗೆ ಒಂದು ಮೀಟರ್, ರಿಜಿಸ್ಟರಿಗೆ ಎರಡು ಕಾಲಂ, ತಿಂಗಳ ಲೆಕ್ಕ ನೋಟಿಸ್ ಬೋರ್ಡಿನಲ್ಲಿ. ಹಳೇ ಲೆಕ್ಕ ಕೇಳುವ ಹಕ್ಕು ನಿಮಗೆ ಖಂಡಿತ ಇದೆ, ಅದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಬೇರೆಯಾಗಿ, ಪತ್ರ ಬರೆದು ಕಾರ್ಯದರ್ಶಿಯವರಿಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ತಗೊಳ್ಳಿ. ತುಂಬಿದ ಸಭೆಯಲ್ಲಿ ಹಳೇದನ್ನು ಕೆದಕಿದರೆ ಪ್ರತಿಯೊಬ್ಬರೂ ತಾವು ಸುಮ್ಮನಿದ್ದ ದಿನಗಳನ್ನು ಲೆಕ್ಕ ಹಾಕಲು ಶುರು ಮಾಡುತ್ತಾರೆ, ಸಿಟ್ಟು ಮತ್ತೆ ನಿಮ್ಮ ಕಡೆಗೇ ತಿರುಗುತ್ತೆ.

ಮೊನಾನ್ ಅವರ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು. ತಮ್ಮಲ್ಲಿರುವ ಒಂದು ಒಳ್ಳೇ ಗುಣದ ಬಗ್ಗೆ ಮೊದಲೇ ನಾಲ್ಕು ಸಾಲು ಬರೆದವರು, ಕೆಲಸ ನಿರಾಕರಿಸಿದವನನ್ನು ಅಷ್ಟು ದೂರ ಮಾಡಲಿಲ್ಲ. ನಾನು ಇದನ್ನು ಹೀಗೆ ತಗೊಂಡಿದ್ದೇನೆ: ಕಳೆದ ಬೇಸಿಗೆಯಲ್ಲಿ ಒಂದು ದಿನವೂ ನಲ್ಲಿ ಬತ್ತದಂತೆ ನೋಡಿಕೊಂಡದ್ದು ಆ ಕಮಿಟಿಯೇ ಆಗಿದ್ದರೆ ಅದನ್ನು ಮೊದಲು ಹೇಳಿ, ಮನಸ್ಸಿಟ್ಟು ಹೇಳಿ. ಅದು ನಿಜವಾಗಿದ್ದರೆ ಮಾತ್ರ. ಆಮೇಲೆ ಮೀಟರಿನ ಸೂಚನೆ ಮುಂದಿಡಿ, ಅನುಮೋದಕರ ಹೆಸರು ಓದಿ, ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರಾ ಅಂತ ಅವತ್ತೇ ನೋಡಿಕೊಂಡು ಬನ್ನಿ.