ಹಳೆ ಜೀಪಿಗೆ ಮೂರು ರಾಡ್: ಯಾವುದನ್ನು ಯಾವಾಗ ಎಳೆಯಬೇಕು?

ಪ್ರಶ್ನೆ: ತೋಟದ ಕೆಲಸಕ್ಕೆಂದು ಮೂರು ಗೇರಿನ ಹಳೆ ಮಹೀಂದ್ರ ಜೀಪು ಕೊಂಡಿದ್ದೇನೆ. ಇಷ್ಟು ದಿನ ಓಡಿಸಿದ್ದು ಕಾರು ಮಾತ್ರ. ನಿಂತಲ್ಲಿ ಒಂದನೇ ಗೇರ್ ಹಾಕಿದರೆ ಕರಕರ, ಮೂರರಿಂದ ಎರಡಕ್ಕೆ ಇಳಿಸಿದರೂ ಕರಕರ. ಎರಡು ಸಲ ಮುಂದೆ ಹೋಗಲು ಹೊರಟು ಹಿಂದೆ ಹೋಗಿದ್ದೇನೆ. ಗೇರ್‌ಬಾಕ್ಸ್ ಬಿಚ್ಚಿಸಬೇಕೆ? (ಸಕಲೇಶಪುರ)

ಉತ್ತರ: ಸದ್ಯಕ್ಕೆ ಬೇಡ. ಜೀಪಿನ ಮೂರು ರಾಡುಗಳಲ್ಲಿ (ಗೇರ್, ಫೋರ್‌ವೀಲ್, ಲೋ) ನಿಮ್ಮ ತೊಂದರೆ ಗೇರ್ ರಾಡಿನದು. ಹಿಂದೆ ಹೋದದ್ದಕ್ಕೆ ಕಾರಣ ಸುಲಭ. ಕಾರಿನಲ್ಲಿ ಒಂದನೇ ಗೇರ್ ಇರುವ ಜಾಗದಲ್ಲಿ ಇದರ ರಿವರ್ಸ್ ಇದೆ. ಎಡಕ್ಕೆ ತಂದು ಮುಂದೆ ತಳ್ಳಿದರೆ ರಿವರ್ಸ್, ಹಿಂದೆ ಎಳೆದರೆ ಒಂದು. ಬಲಕ್ಕೆ ತಂದು ಮುಂದೆ ತಳ್ಳಿದರೆ ಎರಡು, ಹಿಂದೆ ಎಳೆದರೆ ಮೂರು. ಇಂಜಿನ್ ಆಫ್ ಮಾಡಿ ಕೂತು ಐವತ್ತು ಸಲ ಹಾಕಿ ತೆಗೆಯಿರಿ, ಕೈಗೆ ಬರುತ್ತದೆ.

ಇನ್ನು ಕರಕರ. ಈ ಟಿ-90 ಗೇರ್‌ಬಾಕ್ಸಿನಲ್ಲಿ ಎರಡು ಮತ್ತು ಮೂರಕ್ಕೆ ಮಾತ್ರ ಸಿಂಕ್ರೊ (ಕೂರುವ ಮುನ್ನ ಗೇರುಗಳ ವೇಗ ಹೊಂದಿಸುವ ಉಂಗುರ) ಇದೆ. ಒಂದು ಮತ್ತು ರಿವರ್ಸ್ ಹಲ್ಲಿಗೆ ಹಲ್ಲು ಜಾರಿ ಕೂರುವ ಗೇರುಗಳು. ಕ್ಲಚ್ ಒತ್ತಿದ ಮೇಲೂ ಒಳಗಿನ ಗೇರುಗಳು ಎರಡು ಮೂರು ಸೆಕೆಂಡು ತಿರುಗುತ್ತಲೇ ಇರುತ್ತವೆ. ಆದ್ದರಿಂದ ನಿಂತಲ್ಲಿ ಕ್ಲಚ್ ಪೂರ್ತಿ ಒತ್ತಿ, ಮೊದಲು ಎರಡನೇ ಗೇರಿಗೆ ತಾಗಿಸಿ, ಆಮೇಲೆ ಒಂದಕ್ಕೆ ಎಳೆಯಿರಿ. ಎರಡರ ಸಿಂಕ್ರೊ ಒಳಗಿನ ತಿರುಗಾಟ ನಿಲ್ಲಿಸಿಕೊಡುತ್ತದೆ. ರಿವರ್ಸಿಗೂ ಇದೇ ಕ್ರಮ. ಗಾಡಿ ಓಡುತ್ತಿರುವಾಗ ಒಂದಕ್ಕೆ ಹಾಕುವ ಆಸೆ ಸದ್ಯಕ್ಕೆ ಬಿಡಿ.

ಮೂರರಿಂದ ಎರಡಕ್ಕೆ ಇಳಿಸಲು ಡಬಲ್ ಕ್ಲಚ್ ಕಲಿಯಲೇಬೇಕು, ಏಕೆಂದರೆ ಈ ವಯಸ್ಸಿನ ಗಾಡಿಯಲ್ಲಿ ಸಿಂಕ್ರೊ ರಿಂಗ್ ಸವೆದೇ ಇರುತ್ತದೆ. 5.38ರ ಕ್ರೌನ್-ಪಿನಿಯನ್ (ಆಕ್ಸಲಿನ ಗೇರ್ ಜೋಡಿ), 6.00-16 ಟೈರ್ ಇದ್ದರೆ ಮೂರರಲ್ಲಿ ಗಂಟೆಗೆ 30 ಕಿ.ಮೀ. ಹೋಗುವಾಗ ಇಂಜಿನ್ ನಿಮಿಷಕ್ಕೆ ಸುಮಾರು 1,200 ಸುತ್ತು ತಿರುಗುತ್ತದೆ. ಅದೇ ವೇಗಕ್ಕೆ ಎರಡರಲ್ಲಿ ಬೇಕಾದದ್ದು 1,850ರ ಆಸುಪಾಸು. ಈ 650 ಸುತ್ತಿನ ಅಂತರವನ್ನು ನಿಮ್ಮ ಬಲಗಾಲು ತುಂಬಿಸಬೇಕು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಪೂರ್ತಿ ಬಿಡಿ, ಆಕ್ಸಿಲರೇಟರ್ ಒಮ್ಮೆ ಚುರುಕಾಗಿ ಒತ್ತಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ತಳ್ಳಿ. ನಡುವೆ ಕ್ಲಚ್ ಬಿಡದೆ ಬರೀ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ ಅಷ್ಟೇ, ಗೇರಿನ ವೇಗ ಏರುವುದಿಲ್ಲ. ಹೊಸಬರ ತಪ್ಪು ಹೆಚ್ಚಾಗಿ ಇದೇ. ಮೇಲಿನ ಗೇರಿಗೆ ಹೋಗುವಾಗ ಆಕ್ಸಿಲರೇಟರ್ ಬೇಡ, ನ್ಯೂಟ್ರಲ್‌ನಲ್ಲಿ ಒಂದು ಉಸಿರಿನಷ್ಟು ತಡೆದರೆ ಸಾಕು.

ಇಷ್ಟು ಮಾಡಿಯೂ ಕರಕರ ಹೋಗದಿದ್ದರೆ ಹೀಗೆ ಪರೀಕ್ಷಿಸಿ: ಇಂಜಿನ್ ಐಡಲ್‌ನಲ್ಲಿರಲಿ, ಕ್ಲಚ್ ಒತ್ತಿ ಹತ್ತು ಎಣಿಸಿ ರಿವರ್ಸ್ ಹಾಕಿ. ಆಗಲೂ ಹಲ್ಲು ಕಡಿದರೆ ತಪ್ಪು ಗೇರಿನದಲ್ಲ, ಕ್ಲಚ್ ಇಂಜಿನ್ನಿನಿಂದ ಗೇರನ್ನು ಪೂರ್ತಿ ಬಿಡಿಸುತ್ತಿಲ್ಲ. ಪೆಡಲಿನ ಆಟ ಸುಮಾರು ಒಂದು ಇಂಚು ಇರಬೇಕು. ಹೆಚ್ಚಿದ್ದರೆ ಲಿಂಕೇಜ್ ಹೊಂದಿಸಿ, ಸವೆದ ಪಿನ್ನು ಬುಷ್ಷು ಬದಲಿಸಿ. ಮಳೆಗಾಲವಿಡೀ ನಿಂತ ಗಾಡಿಯಾದರೆ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರಬಹುದು. ಪೈಲಟ್ ಬುಷ್ (ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಬುಷ್) ಒಣಗಿ ಹಿಡಿದರೂ ಇದೇ ಲಕ್ಷಣ. ಇವೆಲ್ಲ ನೋಡಿದ ಮೇಲೆ ಗೇರ್‌ಬಾಕ್ಸಿನ ಮಾತು.

ಪ್ರಶ್ನೆ: ಕೆಸರು ದಾಟಿ ಟಾರ್ ರಸ್ತೆಗೆ ಬಂದೆ. ತಿರುವಿನಲ್ಲಿ ಸ್ಟೇರಿಂಗ್ ಬಿಗಿಯಾಯಿತು, ಫೋರ್‌ವೀಲ್ ರಾಡ್ ಬಿಡಿಸಲು ಆಗಲೇ ಇಲ್ಲ. (ಮಡಿಕೇರಿ)

ಉತ್ತರ: ಈ ಜೀಪಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ (ಎರಡು ಕಡೆಯವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳುತ್ತವೆ, ಹಿಂದಿನವು ಕಡಿಮೆ. ಕೆಸರಿನಲ್ಲಿ ಟೈರ್ ಜಾರಿ ಆ ವ್ಯತ್ಯಾಸ ಹೋಗುತ್ತದೆ. ಟಾರಿನ ಮೇಲೆ ಜಾರಲು ಜಾಗವಿಲ್ಲ, ಹಾಗಾಗಿ ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ಬಿಗಿದು ಗೇರಿನ ಹಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿಬಿಡುತ್ತವೆ. ರಾಡನ್ನು ಒದೆಯಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ. ಸ್ಟೇರಿಂಗ್ ನೆಟ್ಟಗಿಟ್ಟು ನಾಲ್ಕೈದು ಮೀಟರ್ ರಿವರ್ಸ್ ಬಂದು, ರಾಡಿನ ಮೇಲೆ ಹಗುರವಾಗಿ ಕೈ ಇಡಿ. ಬಿಗಿ ಸಡಿಲಿದ ಕ್ಷಣ ತಾನೇ ಜಾರುತ್ತದೆ. ಆಗದಿದ್ದರೆ ಒಂದು ಪಕ್ಕದ ಚಕ್ರಗಳನ್ನು ಮಣ್ಣಿಗಿಳಿಸಿ ಪ್ರಯತ್ನಿಸಿ.

ನೆಟ್ಟಗೆ ಹೋಗುವಾಗಲೂ ಹೀಗೆ ಕಚ್ಚುತ್ತಿದ್ದರೆ ಟೈರ್ ನೋಡಿ. ಮುಂದೆ ಹೊಸತು ಹಿಂದೆ ಬೋಳು ಹಾಕಿದ್ದರೆ ಸುತ್ತಳತೆ ಬೇರೆಯಾಗಿ ಇದೇ ತೊಂದರೆ ಬರುತ್ತದೆ.

ಫೋರ್‌ವೀಲ್ ಹಾಕಲು ಗಾಡಿ ನಿಲ್ಲಿಸಲೇಬೇಕೆಂದಿಲ್ಲ. ನೆಟ್ಟಗೆ ನಿಧಾನವಾಗಿ ಹೋಗುವಾಗ ಆಕ್ಸಿಲರೇಟರ್ ಬಿಟ್ಟು ರಾಡ್ ಸರಿಸಬಹುದು. ಆದರೆ ಹಿಂದಿನ ಚಕ್ರ ಕೆಸರಲ್ಲಿ ಗಿರಗಿರ ಸುತ್ತುತ್ತಿರುವಾಗ ಮಾತ್ರ ಹಾಕಬೇಡಿ. ನಿಮ್ಮ ಗಾಡಿಯ ಮುಂದಿನ ಚಕ್ರಗಳಿಗೆ ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್ (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ ಕೊಂಡಿ) ಇದ್ದರೆ, ಅವೆರಡನ್ನೂ ಲಾಕ್ ಮಾಡದೆ ರಾಡ್ ಎಳೆದು ಏನೂ ಫಲವಿಲ್ಲ.

ಪ್ರಶ್ನೆ: ಮೂರನೇ ರಾಡ್, ಲೋ ಗೇರಿನದು, ಯಾವಾಗ ಬೇಕು? ಏರಿನ ನಡುವೆ ಇಂಜಿನ್ ನಿಂತರೆ ಏನು ಮಾಡಲಿ? (ಮೂಡಿಗೆರೆ)

ಉತ್ತರ: ಲೋ ಹಾಕಿದರೆ ಎಳೆತ 2.46 ಪಟ್ಟು, ವೇಗ ಅಷ್ಟೇ ಪಾಲು ಕಡಿಮೆ. ಲೋ ಒಂದರಲ್ಲಿ ಇಂಜಿನ್ 37 ಸುತ್ತಿದರೆ ಚಕ್ರ ಒಂದು ಸುತ್ತು. ಅಂದರೆ 1,000 ಸುತ್ತಿನಲ್ಲಿ ಗಂಟೆಗೆ ನಾಲ್ಕು ಕಿ.ಮೀ. ಕೂಡ ಇಲ್ಲ, ಪಕ್ಕದಲ್ಲಿ ನಡೆಯುವವರು ಮುಂದೆ ಹೋಗುತ್ತಾರೆ. ಕಡಿದಾದ ಏರು, ಇಳಿಜಾರು, ಕಲ್ಲಿನ ಹಳ್ಳ, ಗೊಬ್ಬರ ತುಂಬಿದ ಟ್ರೈಲರ್ ಎಳೆಯುವುದು: ಇವಕ್ಕೆ ಬೇಕು. ಗಾಡಿ ಪೂರ್ತಿ ನಿಲ್ಲಿಸಿ, ಫೋರ್‌ವೀಲ್ ಹಾಕಿ, ಕ್ಲಚ್ ಒತ್ತಿ ಹೈನಿಂದ ನ್ಯೂಟ್ರಲ್ ದಾಟಿಸಿ ಲೋಗೆ ತನ್ನಿ. ಹಲ್ಲಿಗೆ ಹಲ್ಲು ಎದುರಾಗಿ ಕೂರದಿದ್ದರೆ ಕ್ಲಚ್ ಚೂರು ಬಿಟ್ಟು ಮತ್ತೆ ಒತ್ತಿ. ಫೋರ್‌ವೀಲ್ ಇಲ್ಲದೆ ಲೋ ಬೀಳದಂತೆ ಒಳಗೊಂದು ತಡೆ ಗುಳಿಗೆ ಇದೆ. ಕೆಲವರು ಅದನ್ನು ತೆಗೆಸುತ್ತಾರೆ. ಅಷ್ಟೂ ಎಳೆತ ಹಿಂದಿನ ಆಕ್ಸಲ್ ಒಂದರ ಮೇಲೇ ಬಿದ್ದು ಶಾಫ್ಟ್ ತುಂಡಾದರೆ ಅಚ್ಚರಿಪಡಬಾರದು.

ಏರಿನಲ್ಲಿ ಇಂಜಿನ್ ನಿಂತರೆ ಗಾಬರಿಯಿಂದ ನ್ಯೂಟ್ರಲ್ ಮಾಡಬೇಡಿ. ಕಾಲಿನ ಬ್ರೇಕ್ ಗಟ್ಟಿಯಾಗಿ ಹಿಡಿದು, ಕ್ಲಚ್ ಒತ್ತಿ ಲೋ ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಡಿ. ಬ್ರೇಕ್ ಮೆಲ್ಲಗೆ ಸಡಿಲಿಸಿದರೆ ಗಾಡಿ ಗೇರಿನ ಮೇಲೆ ನಿಲ್ಲುತ್ತದೆ. ಈಗ ಕ್ಲಚ್ ಮುಟ್ಟದೆ ಸೆಲ್ಫ್ ಹೊಡೆಯಿರಿ. ಇಂಜಿನ್ ಹಿಡಿದುಕೊಂಡು ನೆಟ್ಟಗೆ ಹಿಂದಿಳಿಯುತ್ತದೆ. ಅಡ್ಡ ತಿರುಗಿಸಿದರೆ ಉರುಳುವ ಅಪಾಯವಿದೆ.

ಇಳಿಯುವಾಗ ಲೋ ಒಂದು ಹಾಕಿ, ಕ್ಲಚ್‌ನಿಂದ ಕಾಲು ತೆಗೆದು ನೆಲಕ್ಕಿಡಿ. ಅರ್ಧ ದಾರಿಯಲ್ಲಿ ಕ್ಲಚ್ ಒತ್ತಿ ಗಾಡಿ 20 ಕಿ.ಮೀ. ವೇಗಕ್ಕೆ ಜಾರಿತೆನ್ನಿ, ಒಳಗೆ ಕ್ಲಚ್ ಪ್ಲೇಟು 5,000 ಸುತ್ತಿಗೂ ಮೀರಿ ತಿರುಗುತ್ತದೆ. ಹಳೆ ಪ್ಲೇಟು ಸಿಡಿಯುವುದು ಹೀಗೆಯೇ.

ಪ್ರಶ್ನೆ: ಗೇರ್‌ಬಾಕ್ಸಿಗೆ ಯಾವ ಆಯಿಲ್, ಎಷ್ಟು? (ಕೊಪ್ಪ)

ಉತ್ತರ: ಜಿಎಲ್-4 ದರ್ಜೆಯ 90 ನಂಬರಿನದು. ಜಿಎಲ್-5ರಲ್ಲಿರುವ ಗಂಧಕದ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಹುದು. ಟ್ರಾನ್ಸ್‌ಫರ್ ಕೇಸಿಗೆ (ಫೋರ್‌ವೀಲ್, ಲೋ ಗೇರುಗಳಿರುವ ಪೆಟ್ಟಿಗೆ) ಒಂದೂವರೆ ಲೀಟರ್. ಗೇರ್‌ಬಾಕ್ಸಿಗೂ ಅದಕ್ಕೂ ಬೇರೆ ಬೇರೆ ಬಿರಡೆಗಳಿವೆ, ತುಂಬುವ ತೂತಿನ ಅಂಚಿಗೆ ಬಂದರೆ ಸಾಕು. ಒಂದರಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ಹೆಚ್ಚುತ್ತಿದ್ದರೆ ನಡುವಿನ ಸೀಲ್ ಹೋಗಿದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಹಳ್ಳದ ನೀರು ಒಳಹೊಕ್ಕಿದೆ, ಅವತ್ತೇ ಬದಲಿಸಿ.

ಪ್ರಶ್ನೆ: ಹ್ಯಾಂಡ್‌ಬ್ರೇಕ್ ಎಳೆದೇ ಹಿಂದಿನ ಚಕ್ರ ಜಾಕ್‌ಗೆ ಏರಿಸಿದ್ದೆ. ಗಾಡಿ ಮುಂದೆ ಉರುಳಿ ಜಾಕ್ ಬಿತ್ತು. (ಶೃಂಗೇರಿ)

ಉತ್ತರ: ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮಿನಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು (ಹಿಂದಿನ ಆಕ್ಸಲಿಗೆ ಹೋಗುವ ಉದ್ದ ಶಾಫ್ಟ್) ಹಿಡಿಯುತ್ತದೆ. ಒಂದು ಚಕ್ರ ಮೇಲೆದ್ದರೆ ಡಿಫರೆನ್ಷಿಯಲ್ ಮೂಲಕ ಅದು ಹಿಮ್ಮುಖ ತಿರುಗಿ, ನೆಲದಲ್ಲಿರುವುದು ಮುಂದೆ ಉರುಳುತ್ತದೆ. ಟ್ರಾನ್ಸ್‌ಫರ್ ರಾಡ್ (ಲೋ ಗೇರಿನದು) ನ್ಯೂಟ್ರಲ್‌ನಲ್ಲಿದ್ದರೆ ಗೇರಿನಲ್ಲಿಟ್ಟು ನಿಲ್ಲಿಸಿದ್ದೂ ವ್ಯರ್ಥ. ಜಾಕ್ ಹಾಕುವ ಮುನ್ನ ನೆಲದಲ್ಲಿ ಉಳಿಯುವ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಕಲ್ಲು ಕೊಡಿ.