ಪವರ್ ಬಿಐ: ಫ್ರೀ ಎಲ್ಲಿಯವರೆಗೆ?

ಪ್ರಶ್ನೆ: ನಮ್ಮದು ಹಾರ್ಡ್‌ವೇರ್ ಅಂಗಡಿ. ರಿಪೋರ್ಟ್ ಮಾಡುವ ಮೈಕ್ರೋಸಾಫ್ಟ್ ತಂತ್ರಾಂಶ ಪವರ್ ಬಿಐನ ಫ್ರೀ ಖಾತೆಯಲ್ಲಿ ಮಾರಾಟದ ರಿಪೋರ್ಟ್ ಮಾಡಿದ್ದೇನೆ, ಪಾಲುದಾರರಿಗೆ ಲಿಂಕ್ ಕಳಿಸಿದರೆ ತೆರೆಯುವುದಿಲ್ಲ. ಮೊದಲು ಫ್ರೀಯಲ್ಲೇ ಹಂಚಬಹುದಿತ್ತು ಅಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ಹೌದು ಸರ್, ಹಂಚಬಹುದಿತ್ತು. 2017ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ನಿಯಮ ಬದಲಿಸಿತು. ಆಗ ಫ್ರೀ ಖಾತೆಗೆ ಡೇಟಾ ಸೌಲಭ್ಯಗಳೇನೋ ಜಾಸ್ತಿ ಸಿಕ್ಕವು, ಆದರೆ ಹಂಚಿಕೊಳ್ಳುವುದು ಪ್ರೋ, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್‌ನ ಪಾಲಾಯಿತು. ಈಗ ಕಳಿಸುವವರಿಗೂ ಪ್ರೋ ಬೇಕು, ನೋಡುವವರಿಗೂ ಬೇಕು. ಹೊಸಬರು ಎಡವುವುದು ಇಲ್ಲೇ. ಒಬ್ಬರಿಗೆ ಲೈಸೆನ್ಸ್ ಕೊಂಡರೆ ಸಾಕು ಅಂದುಕೊಳ್ಳುತ್ತಾರೆ, ಆಮೇಲೆ ತಲೆಗೊಂದರಂತೆ ಲೆಕ್ಕ ಬರುತ್ತದೆ. ದರವೂ ಏರಿದೆ: 2025ರ ಏಪ್ರಿಲ್‌ನಿಂದ ಪ್ರೋ ತಿಂಗಳಿಗೆ 10 ಡಾಲರ್‌ನಿಂದ 14ಕ್ಕೆ ಹೋಯಿತು. ಫ್ಯಾಬ್ರಿಕ್ ಅನ್ನುವ ಮೈಕ್ರೋಸಾಫ್ಟ್ ಡೇಟಾ ವೇದಿಕೆಯಲ್ಲಿ ಎಫ್64 ಅಥವಾ ಅದಕ್ಕಿಂತ ದೊಡ್ಡ ಕೆಪಾಸಿಟಿ (ದುಡ್ಡು ಕೊಟ್ಟು ಪಡೆಯುವ ಸರ್ವರ್ ಶಕ್ತಿ) ಇದ್ದರೆ ನೋಡುವವರಿಗೆ ಫ್ರೀ ಖಾತೆ ಸಾಕಾಗುತ್ತದೆ ನಿಜ, ಆದರೆ ಅದು ನೂರಾರು ಜನ ರಿಪೋರ್ಟ್ ನೋಡುವ ಕಂಪನಿಗಳಿಗೆ, ನಿಮಗಲ್ಲ.

ದಯವಿಟ್ಟು ಒಂದು ಮಾತು ಕೇಳಿ. ‘ಪಬ್ಲಿಷ್ ಟು ವೆಬ್’ ಅಂತ ಒಂದು ದಾರಿ ಕಾಣುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ. ಆ ಲಿಂಕ್‌ಗೆ ಪಾಸ್‌ವರ್ಡ್ ಇಲ್ಲ, ಸಿಕ್ಕವರೆಲ್ಲ ನಿಮ್ಮ ಗಿರಾಕಿಗಳ ಹೆಸರು, ಬಾಕಿ ಎಲ್ಲ ನೋಡಬಹುದು.

ಕಂಪ್ಯೂಟರಿಗೆ ಹಾಕಿಕೊಳ್ಳುವ ಪವರ್ ಬಿಐ ಡೆಸ್ಕ್‌ಟಾಪ್ ಆವೃತ್ತಿ ಇವತ್ತಿಗೂ ಫ್ರೀ. ನೀವಿಬ್ಬರೇ ಆದರೆ ಸುಮ್ನೆ ರಿಪೋರ್ಟ್ ಇರುವ ಪಿಬಿಐಎಕ್ಸ್ ಫೈಲನ್ನೇ ಕಳಿಸಿ, ಅವರು ತಮ್ಮ ಕಂಪ್ಯೂಟರಿನಲ್ಲಿ ಅದೇ ಡೆಸ್ಕ್‌ಟಾಪ್ ಆವೃತ್ತಿಯಿಂದ ತೆರೆದು ನೋಡಲಿ. ಮೊಬೈಲ್‌ನಲ್ಲಿ ದಿನಾ ಹೊಸ ಅಂಕಿ ಬೇಕೇ ಬೇಕು ಅಂದರೆ ಎರಡು ಪ್ರೋ ಲೈಸೆನ್ಸ್ ತೆಗೆದುಕೊಳ್ಳಿ.