ನಿಮ್ಮ ಲೇಖನ ಹನ್ನೊಂದನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

ನಿಮ್ಮ ‘ನೀರ ಮೇಲಿನ ಸ್ವರ್ಗ’ವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕೋಕೆ ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಕೈ ತೊಳೆದುಕೊಳ್ಳುವ ಬರಹವೂ ಇದಲ್ಲ. ಬರ್ಲಿನ್‌ನಲ್ಲಿ ಕೆಲಸ ಮಾಡುವ ಕನ್ನಡಿಗರೊಬ್ಬರು ರಜೆ ದಿನ ರೈಲು ಹತ್ತಿ, ಜರ್ಮನಿಯಲ್ಲೇ ಇರುವ ಸೋರ್ಬರು ಅನ್ನುವ ಸಣ್ಣ ಸ್ಲಾವ್ ಜನಾಂಗದ ಲೇಡೆ ಅನ್ನುವ ಪುಟ್ಟ ಹಳ್ಳಿ ನೋಡಿ ಬಂದು ಬರೆಯುವುದು ನಮಗೆ ದಿನಾ ಸಿಗುವುದಿಲ್ಲ. ಒಳಗೆ ಒಂದು ಒಳ್ಳೆಯ ಲೇಖನ ಇದೆ. ಹದಿನಾಲ್ಕು ಪುಟಗಳಲ್ಲಿ ಅದು ನನಗೆ ಕಂಡದ್ದು ಹನ್ನೊಂದನೇ ಪುಟದಲ್ಲಿ, ಬರೀ ನಾಲ್ಕು ಸಾಲು. ಹಳದಿ ದೋಣಿಯಲ್ಲಿ ನಿಂತು ಗಳು ಊರುತ್ತಾ ಬಂದ ಅಂಚೆಯ ಹೆಂಗಸು, ಒಂದು ಮನೆಯ ಮುಂದೆ ನಿಲ್ಲಿಸಿ ಪಾರ್ಸೆಲ್ ಇಳಿಸಿದಳು ಅಂತ ಬರೆದಿದ್ದೀರಲ್ಲ, ಅಲ್ಲಿ.

ಅದಕ್ಕೂ ಮುಂಚಿನ ಹತ್ತು ಪುಟ ಇತಿಹಾಸ. ಸ್ಲಾವ್ ಜನ ಪೂರ್ವದಿಂದ ಬಂದದ್ದು, ಜರ್ಮನ್ ದೊರೆಗಳು ಅವರನ್ನು ಸೋಲಿಸಿದ್ದು, ಆಮೇಲೆ ಪ್ರಷ್ಯಾ. ಓದುಗ ಇನ್ನೂ ಊರಿಗೇ ಕಾಲಿಟ್ಟಿಲ್ಲ, ಅಷ್ಟರಲ್ಲಿ ಸುಸ್ತು. ಮಧ್ಯೆ ಒಂದು ತಪ್ಪೂ ನುಸುಳಿದೆ. ಸೋರ್ಬರು ‘ಸರ್ಬಿಯಾದಿಂದ ವಲಸೆ ಬಂದವರು’ ಅಂದಿದ್ದೀರಿ. ಅಲ್ಲ. ಅವರು ತಮ್ಮನ್ನು ‘ಸೆರ್ಬಿ’ ಅಂದುಕೊಳ್ಳುತ್ತಾರೆ, ಗೊಂದಲ ಅದರಿಂದಲೇ ಆಗಿರಬೇಕು. ಅವರ ನುಡಿ ಪೋಲಿಷ್, ಚೆಕ್ ಬಳಗದ್ದು. ನಾಡು ಜರ್ಮನಿಯ ಪೂರ್ವದ ಅಂಚಿನ ಲುಸಾಷಿಯಾ. ಹತ್ತು ಪುಟವನ್ನೂ ತೆಗೆಯಿರಿ. ಎರಡೇ ಇಸವಿ ಸಾಕು: ದಾಖಲೆಯಲ್ಲಿ ಲೇಡೆಯ ಹೆಸರು ಮೊದಲು ಸಿಗುವ 1315, ಊರಿಗೆ ರಸ್ತೆ ಬಂದ 1929. ನಡುವಿನ ಆರುನೂರು ವರ್ಷ ಆ ಊರಿಗೆ ದಾರಿ ಅಂದರೆ ನೀರೇ. ನೀವು ಬರೆದ ಎಲ್ಲ ರಾಜರಿಗಿಂತ ಇದು ದೊಡ್ಡ ವಿಷಯ ಅಲ್ವಾ?

ಯಾಕೆ ನೀರೇ ದಾರಿ? ಭೂಗೋಳ ಬೇಕಾಗುವುದು ಇಲ್ಲಿ. ನೀವು ಅದನ್ನು ‘ಪ್ರಕೃತಿಯ ರಮಣೀಯ ತಾಣ’ ಅಂತ ಮುಗಿಸಿಬಿಟ್ಟಿದ್ದೀರಿ. ಶ್‌ಪ್ರೇ ನದಿ ಚೆಕ್ ಗಡಿಯ ಹತ್ತಿರದ ಗುಡ್ಡಗಳಲ್ಲಿ ಹುಟ್ಟಿ, ಸುಮಾರು 400 ಕಿಲೋಮೀಟರ್ ಹರಿದು, ಬರ್ಲಿನ್‌ನಲ್ಲಿ ಹಾಫೆಲ್ ನದಿಯನ್ನು ಸೇರುತ್ತದೆ. ಕಾಟ್‌ಬುಸ್ ನಗರ ದಾಟಿದ ಮೇಲೆ ನೆಲ ಚಪ್ಪಟೆ. ಹಿಮಯುಗ ಬಿಟ್ಟುಹೋದ ತಗ್ಗು ಅದು. ಇಳಿಜಾರೇ ಇಲ್ಲದೆ ನದಿ ನೂರಾರು ಸಣ್ಣ ಕಾಲುವೆಗಳಾಗಿ ಹರಡಿಕೊಳ್ಳುತ್ತದೆ. ನಡುವೆ ಅಲ್ಲಲ್ಲಿ ಮರಳಿನ ದಿಬ್ಬ. ಲೇಡೆ ಇರುವುದು ಇಲ್ಲೇ, ದಿಬ್ಬಕ್ಕೊಂದು ಮನೆ, ಒಂದು ಕೊಟ್ಟಿಗೆ. ಈ ದಿಬ್ಬಕ್ಕೆ ಅಲ್ಲಿನ ಜರ್ಮನ್‌ನಲ್ಲಿ ‘ಕೌಪೆ’ ಅಂತಾರೆ. ಅದು ಬಂದಿರುವುದು ದ್ವೀಪ ಅನ್ನುವ ಸೋರ್ಬ್ ಪದ ‘ಕೂಪಾ’ದಿಂದ.

ಹೆಸರಿನ ಮಾತು ಬಂತು. ನಿಮ್ಮ ಕೈಗೇ ಸಿಕ್ಕಿ ಜಾರಿಹೋದದ್ದು ಒಂದಿದೆ. ರೈಲು ಇಳಿದ ಲ್ಯೂಬೆನೌದಲ್ಲಿ ಎರಡು ಭಾಷೆಯ ಬೋರ್ಡಿನ ಫೋಟೋ ತೆಗೆದು ಲೇಖನದ ಜೊತೆ ಕಳಿಸಿದ್ದೀರಿ. ಅದರ ಮೇಲೆ ಏನಿದೆ ಅಂತ ಓದಿದ್ರಾ? ಆ ಇಡೀ ಪ್ರದೇಶಕ್ಕೆ ಜರ್ಮನ್‌ನಲ್ಲಿ ‘ಶ್‌ಪ್ರೇವಾಲ್ಡ್’, ಅಂದರೆ ಶ್‌ಪ್ರೇ ಕಾಡು. ಸೋರ್ಬ್‌ನಲ್ಲಿ ‘ಬ್ವೋತಾ’, ಅಂದರೆ ಜೌಗು ನೆಲ. ಒಂದೇ ಜಾಗ. ಒಬ್ಬರಿಗೆ ಮರ ಕಂಡಿತು, ಇನ್ನೊಬ್ಬರಿಗೆ ಕಾಲ ಕೆಳಗಿನ ಕೆಸರು. ನಾನಾಗಿದ್ದರೆ ಇದಕ್ಕೆ ಒಂದು ಪುಟ ಕೊಡುತ್ತಿದ್ದೆ.

ಇನ್ನು ‘ಮಿನಿ ವೆನಿಸ್’. ಏಳು ಸಲ ಬಂದಿದೆ, ಎಣಿಸಿದೆ. ಈ ಹೋಲಿಕೆ ನಿಮ್ಮದಲ್ಲ, ಟೂರ್ ಗೈಡಿನದ್ದೂ ಅಲ್ಲ. 1859ರಲ್ಲಿ ಅಲ್ಲಿಗೆ ಹೋಗಿದ್ದ ಜರ್ಮನ್ ಲೇಖಕ ಥಿಯೊಡೋರ್ ಫಾಂಟಾನ ಲೇಡೆಯನ್ನು ಕಂಡು, ಸಾವಿರದ ಐನೂರು ವರ್ಷದ ಹಿಂದಿನ ವೆನಿಸ್ ಹೀಗಿದ್ದಿರಬಹುದು ಅಂದಿದ್ದ. ಅವನ ಮನಸ್ಸಿನಲ್ಲಿ ಇದ್ದದ್ದು ಜೌಗಿನಲ್ಲಿ ಆಸರೆ ಹುಡುಕಿದ ಮೀನುಗಾರರು, ಅರಮನೆಗಳಲ್ಲ. ಆಮೇಲೆ ಬಂದವರೆಲ್ಲ ಮೀನುಗಾರರನ್ನು ಬಿಟ್ಟು ವೆನಿಸ್ ಮಾತ್ರ ಇಟ್ಟುಕೊಂಡರು. ನೀವೂ.

ಹಾವಿನ ವಿಷಯ. ಮನೆಯ ಸೂರಿನ ತುದಿಯಲ್ಲಿ ಎರಡು ಹಲಗೆ ಅಡ್ಡಡ್ಡ ದಾಟಿ, ಕಿರೀಟ ತೊಟ್ಟ ಹಾವಿನ ತಲೆಯಾಗಿ ಮುಗಿಯುವುದನ್ನು ಚೆನ್ನಾಗಿ ಗಮನಿಸಿದ್ದೀರಿ. ಮನೆಯ ಹಾವು ಒಳ್ಳೆಯದು ಮಾಡುತ್ತದೆ ಅನ್ನುವ ನಂಬಿಕೆ ಅಲ್ಲಿ ಇತ್ತು, ಹಾವುಗಳ ರಾಜನ ಕತೆಯೂ ಇದೆ. ಆದರೆ ಮುಂದಿನ ಸಾಲಿನಲ್ಲೇ ‘ನಮ್ಮ ನಾಗಪೂಜೆಯೇ ಅಲ್ಲಿಗೆ ಹೋಗಿರಬೇಕು’ ಅಂದುಬಿಟ್ಟಿರಿ. ಯಾರು ತೆಗೆದುಕೊಂಡು ಹೋದರು, ಯಾವಾಗ? ಜೌಗಿನಲ್ಲಿ ಮನೆ ಕಟ್ಟಿದವನಿಗೆ ಹಾವಿನ ಜೊತೆ ರಾಜಿ ಮಾಡಿಕೊಳ್ಳೋಕೆ ಭಾರತದ ಸಲಹೆ ಬೇಕಿಲ್ಲ. ನಮ್ಮ ನೆನಪು ತರಲೇಬೇಕು ಅಂದರೆ ವ್ಯಾಕರಣದಿಂದ ತನ್ನಿ. ಸಂಸ್ಕೃತ ಕ್ಲಾಸಿನಲ್ಲಿ ದ್ವಿವಚನ ಉರುಹೊಡೆದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಸೋರ್ಬ್ ನುಡಿಯಲ್ಲಿ ಅದು ಇವತ್ತಿಗೂ ಇದೆ. ಒಂದು ಓಕ್ ಮರ ‘ದುಬ್’, ಎರಡಾದರೆ ‘ದುಬಾ’, ಜಾಸ್ತಿಯಾದರೆ ‘ದುಬಿ’. ಲೇಡೆಯಲ್ಲಿ ಈಗ ಕಿವಿಗೆ ಬೀಳುವುದು ಜರ್ಮನ್ನೇ ಅನ್ನುವುದನ್ನೂ ಮುಚ್ಚಿಡಬೇಡಿ. ಸೋರ್ಬರ ಸಂಘಟನೆ ‘ದೊಮೊವಿನಾ’ ಹುಟ್ಟಿದ್ದು 1912ರಲ್ಲಿ, 1937ರಲ್ಲಿ ನಾತ್ಸಿಗಳು ಅದರ ಬಾಯಿ ಮುಚ್ಚಿಸಿದರು. ಇಷ್ಟು ಹೇಳಿದರೆ ಸಾಕು.

ಸೌತೆಕಾಯಿ ಉಪ್ಪಿನಕಾಯಿಗೆ ನೀವು ಕೊಟ್ಟ ಸಾಲು: ‘ಬಹಳ ರುಚಿಯಾಗಿತ್ತು’. ಜಾಡಿಯಲ್ಲಿ ಏನೇನಿತ್ತು? ಸಬ್ಬಸಿಗೆ, ಸಾಸಿವೆ ಕಾಳು, ಈರುಳ್ಳಿ? ಮೂಗಿಗೆ ಏನು ಹತ್ತಿತು? 1999ರಲ್ಲಿ ಯುರೋಪಿಯನ್ ಒಕ್ಕೂಟ ಈ ಸೌತೆಗೆ ಭೌಗೋಳಿಕ ಮನ್ನಣೆ ಕೊಟ್ಟಿದೆ. ಕೊಯ್ಲಿನ ಗಾಡಿ ನೋಡಿದ್ದರಂತೂ ಖಂಡಿತ ಬರೆಯಿರಿ. ಟ್ರ್ಯಾಕ್ಟರಿನ ಎರಡೂ ಪಕ್ಕಕ್ಕೆ ವಿಮಾನದ ಹಾಗೆ ರೆಕ್ಕೆ, ರೆಕ್ಕೆಯ ಮೇಲೆ ಕೂಲಿಯವರು ಸಾಲಾಗಿ ಬೋರಲು ಮಲಗಿರುತ್ತಾರೆ. ಗಾಡಿ ಆಮೆಯಂತೆ ತೆವಳುತ್ತದೆ, ಅವರು ಕೈ ಕೆಳಗೆ ಚಾಚಿ ಬಳ್ಳಿಯಿಂದ ಕಾಯಿ ಕೀಳುತ್ತಾರೆ. ಬಹಳಷ್ಟು ಮಂದಿ ಪೋಲೆಂಡ್, ರೊಮೇನಿಯಾದಿಂದ ಬಂದವರು. ಜಾಡಿಯ ಒಳಗೆ ಅವರ ಬೆನ್ನುನೋವೂ ಇದೆ.

ಕೊನೆಯ ಪುಟದ ‘ಮನುಷ್ಯನ ಕೈ ಮುಟ್ಟದ ನೀರು’ ಅನ್ನುವ ಮಾತು ಪೂರ್ತಿ ಉಲ್ಟಾ. ನದಿ ಹರಿದು ಬರುವ ಮೇಲ್ಗಡೆ ಲುಸಾಷಿಯಾದ ಕಂದು ಕಲ್ಲಿದ್ದಲಿನ ಗಣಿಗಳಿವೆ. ಗಣಿ ಒಣಗಿರಲಿ ಅಂತ ಅಂತರ್ಜಲವನ್ನು ಪಂಪ್ ಮಾಡಿ, ದಶಕಗಳಿಂದ ನದಿಗೆ ಬಿಡುತ್ತಾ ಬಂದಿದ್ದಾರೆ. ಅಂದರೆ ನೀವು ಕಂಡ ತುಂಬು ನೀರಿನಲ್ಲಿ ಗಣಿಯ ಪಾಲೂ ಇದೆ. ಇದೇ ಗಣಿಗಳು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ನುಂಗಿವೆ, ಅದರಲ್ಲಿ ಸೋರ್ಬರ ಊರುಗಳೂ ಸೇರಿವೆ. ಈಗ 2038ರೊಳಗೆ ಕಲ್ಲಿದ್ದಲು ನಿಲ್ಲಿಸಬೇಕು ಅಂತ ಕಾನೂನು ಆಗಿದೆ. ಪಂಪ್ ನಿಂತರೆ ನದಿ ಸೊರಗುತ್ತದೆ ಅನ್ನುವುದು ಅಲ್ಲಿಯವರ ಚಿಂತೆ. ಹಳೇ ಗಣಿ ನೆಲದಿಂದ ಕಬ್ಬಿಣದ ಅಂಶ ಸೇರಿ ಕೆಲವೆಡೆ ನೀರು ಕಂದು ಬಣ್ಣಕ್ಕೆ ತಿರುಗುವುದೂ ಉಂಟು. ಊರು ನುಂಗಿದವನೇ ಊರಿಗೆ ನೀರು ಕೊಟ್ಟ! ಇಂಥ ವಿಷಯ ಕೈಯಲ್ಲಿಟ್ಟುಕೊಂಡು ‘ಸ್ವರ್ಗ’ ಅಂತ ಯಾಕೆ ಬರೀತೀರಿ?

ಹೀಗೆ ಮಾಡಿ. ಅಂಚೆ ದೋಣಿಯಿಂದ ಶುರು ಮಾಡಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅದು ಓಡುತ್ತದೆ. ರಸ್ತೆ ಬಂದು ಇಷ್ಟು ವರ್ಷವಾದರೂ ಯಾಕೆ ಇನ್ನೂ ದೋಣಿ, ಅದೇ ನಿಮ್ಮ ಪ್ರಶ್ನೆಯಾಗಲಿ. ಹಿಂದೆ ಹುಲ್ಲು, ದನ, ಮದುಮಗಳು, ಹೆಣ ಎಲ್ಲ ಇದೇ ಚಪ್ಪಟೆ ತಳದ ದೋಣಿಯಲ್ಲೇ ಸಾಗುತ್ತಿದ್ದವು. ನದಿ, ದಿಬ್ಬ, ಗಣಿ ಎಲ್ಲವೂ ಆ ದೋಣಿಯ ಹಿಂದೆ ತಾವಾಗೇ ಬರುತ್ತವೆ. ಆರು ಪುಟ ಮೀರಬೇಡಿ. ತಿಂಗಳ ಕೊನೆಗೆ ಕಳಿಸಿದರೆ ಖಂಡಿತ ಓದುತ್ತೇನೆ.

ಒಂದು ಕೇಳಬೇಕಿತ್ತು. ಆ ಪಾರ್ಸೆಲ್ ತಗೊಳ್ಳೋಕೆ ಮನೆಯಿಂದ ಯಾರಾದರೂ ಬಂದ್ರಾ, ಇಲ್ಲ ದಂಡೆಯ ಮೇಲಿಟ್ಟು ಮುಂದೆ ಹೋದಳಾ? ಅದನ್ನು ನೀವು ಬರೆದೇ ಇಲ್ಲ.